ವಾಯುಪಡೆಯ ರನ್‌ವೇಯಿಂದ ಸೆಸ್ನಾ ಹಾರಿಸುವವರಿಗೆ

ಅಮೆರಿಕದ ಕೆಲವು ವಾಯುಪಡೆ, ನೌಕಾಪಡೆ ನೆಲೆಗಳಲ್ಲಿ ಸೇನೆಯವರಿಗಾಗಿ ಏರೋ ಕ್ಲಬ್‌ಗಳಿವೆ (ಸಣ್ಣ ವಿಮಾನ ಹಾರಿಸುವವರ ಸಂಘಗಳು). ಅಂಥ ಕಡೆ ಭಾರಿ ಸರಕು ವಿಮಾನ ಸಿ-17 ಇಳಿಯುವ ರನ್‌ವೇಯಲ್ಲೇ ನಾಲ್ಕು ಸೀಟಿನ ಪುಟ್ಟ ಸೆಸ್ನಾ 172 ಕೂಡ ಇಳಿಯಬೇಕು. ಒಂದರ ತೂಕ 265 ಟನ್ನಿನವರೆಗೆ ಹೋಗುತ್ತದೆ, ಇನ್ನೊಂದರದು ಒಂದು ಟನ್ ಚಿಲ್ಲರೆ.

ಸ್ವಂತ ವಿಮಾನ ತರುವವರು ಮೂರು ಫಾರಂಗಳನ್ನು ಮುಂಚೆಯೇ ಸಲ್ಲಿಸಿ ಅನುಮತಿ ಪಡೆದಿರಬೇಕು: ರಕ್ಷಣಾ ಇಲಾಖೆಯ ಡಿಡಿ 2400 (ವಿಮೆ), 2401 (ಇಳಿಯುವ ಪರವಾನಗಿ), 2402 (ನಷ್ಟವಾದರೆ ಸರ್ಕಾರವನ್ನು ಹೊಣೆ ಮಾಡುವುದಿಲ್ಲವೆಂಬ ಮುಚ್ಚಳಿಕೆ). ಇಂಧನವನ್ನೂ ವಿಚಾರಿಸಿಕೊಳ್ಳಿ. ನೆಲೆಯ ಟ್ಯಾಂಕರ್‌ನಲ್ಲಿರುವುದು ಜೆಟ್ ಇಂಧನ. 172ಕ್ಕೆ ಬೇಕಾದ 100 ಎಲ್‌ಎಲ್ (ವಿಮಾನದ ಪೆಟ್ರೋಲ್) ಸಿಗುವುದು ಕ್ಲಬ್ಬಿಗೆ ತನ್ನದೇ ಟ್ಯಾಂಕ್ ಇದ್ದರೆ ಮಾತ್ರ.

ಏಪ್ರನ್ನಿನ (ವಿಮಾನ ನಿಲ್ಲಿಸುವ ಅಂಗಳ) ಮೇಲೆ ಬಳಿದ ಕೆಂಪು ಗೆರೆಯನ್ನು, ಅಂದರೆ ನಿರ್ಬಂಧಿತ ಜಾಗದ ಗಡಿಯನ್ನು, ಗುರುತಿಸಿಕೊಂಡ ಮೇಲೆಯೇ ವಿಮಾನದ ಬಳಿ ಹೋಗಿ. ನಿಗದಿತ ಪ್ರವೇಶದ್ವಾರ ಬಿಟ್ಟು ಬೇರೆಲ್ಲಿ ಅದನ್ನು ದಾಟಿದರೂ ಬಂದೂಕು ಹಿಡಿದವರು ನಿಮ್ಮನ್ನು ನೆಲದ ಮೇಲೆ ಬೋರಲು ಮಲಗಿಸುತ್ತಾರೆ, ವಿವರಣೆ ಕೇಳುವುದು ಆಮೇಲೆ. ಟ್ಯಾಕ್ಸಿವೇಗೆ (ರನ್‌ವೇ ತಲುಪುವ ದಾರಿ) ಹೋಗುವ ಮುನ್ನ ಟೈರಿನ ಸಂದಿಗಳಲ್ಲಿ ಕಲ್ಲು ಸಿಕ್ಕಿದೆಯೇ ನೋಡಿ. ಇಂಧನದ ಮಾದರಿ ತೆಗೆದ ಲೋಟ, ಟ್ಯಾಂಕಿನ ಮುಚ್ಚಳ, ಪೆನ್ನು ಎಲ್ಲಾ ಲೆಕ್ಕಕ್ಕೆ ಸಿಗಬೇಕು. ಬಿದ್ದ ಒಂದು ಸ್ಕ್ರೂ ಸಾಕು, ಜೆಟ್ ಎಂಜಿನ್ ಅದನ್ನು ಒಳಗೆ ಎಳೆದುಕೊಂಡರೆ ಬ್ಲೇಡುಗಳು ಹಾಳು.

ಹೊಸಬರು ಹೆಚ್ಚಾಗಿ ಎಡವುವುದು ರೇಡಿಯೋದಲ್ಲಿ. ಯುದ್ಧವಿಮಾನಗಳು ಬಹುಪಾಲು 225ರಿಂದ 400 ಮೆಗಾಹರ್ಟ್ಸ್‌ನ ಯುಎಚ್‌ಎಫ್ ತರಂಗಪಟ್ಟಿಯಲ್ಲಿ ಮಾತಾಡುತ್ತವೆ, ನೀವು ಅದಕ್ಕಿಂತ ಕೆಳಗಿನ ವಿಎಚ್‌ಎಫ್‌ನಲ್ಲಿ. ವಿಮಾನಗಳಿಗೆ ಸೂಚನೆ ಕೊಡುವ ಟವರ್ ಎರಡರಲ್ಲೂ ಒಟ್ಟಿಗೆ ಮಾತಾಡಿದರೂ ಜೆಟ್ ಪೈಲಟ್‌ಗಳ ಉತ್ತರ ನಿಮ್ಮ ಕಿವಿಗೆ ಬೀಳದೇ ಇರಬಹುದು. ಚಾನೆಲ್ ಖಾಲಿಯಿದೆ ಎಂದು ಮೈಕ್ ಒತ್ತಿದರೆ ಕಂಟ್ರೋಲರ್ ಕಿವಿಯಲ್ಲಿ ಎರಡು ದನಿ ಕಲಸಿಹೋಗುತ್ತವೆ. ಟವರ್ ಯಾರಿಗಾದರೂ ಸೂಚನೆ ಕೊಟ್ಟರೆ ಉತ್ತರಕ್ಕೆ ಬೇಕಾದ ಮೂರು-ನಾಲ್ಕು ಸೆಕೆಂಡು ಬಿಟ್ಟು ಮಾತಾಡಿ. ‘ಇನಿಷಿಯಲ್’ ಎಂಬ ಪದ ಕೇಳಿದರೆ ತಲೆ ಎತ್ತಿ ನೋಡಿ: ಜೆಟ್‌ಗಳು ರನ್‌ವೇ ಮೇಲೆಯೇ ನೇರ ಬಂದು, ‘ಬ್ರೇಕ್’ ಎಂಬ ತಿರುವಿನಲ್ಲಿ 180 ಡಿಗ್ರಿ ತಿರುಗಿ ಡೌನ್‌ವಿಂಡ್‌ಗೆ (ರನ್‌ವೇಗೆ ಸಮಾನಾಂತರವಾಗಿ, ಇಳಿಯುವುದಕ್ಕೆ ವಿರುದ್ಧ ದಿಕ್ಕಿನ ಹಾದಿ) ಬರುತ್ತವೆ. ಸಾಮಾನ್ಯವಾಗಿ ಅವು ನಿಮಗಿಂತ ಮೇಲಿರುತ್ತವೆ. ಅಪ್ಪಣೆಯಿಲ್ಲದೆ ನಿಮ್ಮ ಪ್ಯಾಟರ್ನ್ (ರನ್‌ವೇ ಸುತ್ತ ಹಾರುವ ನಿಗದಿತ ಹಾದಿ) ಎತ್ತರ ಬಿಟ್ಟು ಏರಬೇಡಿ. ಫೈನಲ್‌ನಲ್ಲಿ (ಇಳಿಯುವ ಮುನ್ನಿನ ಕೊನೆಯ ನೇರ ಹಾದಿ) ಟವರ್ ‘ಚೆಕ್ ವೀಲ್ಸ್ ಡೌನ್’ (ಚಕ್ರ ಇಳಿದಿದೆಯೇ ನೋಡಿ) ಎಂದರೆ, ಮಡಚಲಾಗದ ಚಕ್ರವಿದ್ದರೂ ನಗದೆ ಉತ್ತರ ಕೊಡಿ.

ಇನ್ನು ದೊಡ್ಡ ವಿಮಾನದ ರೆಕ್ಕೆತುದಿಯಿಂದ ಹುಟ್ಟುವ ಗಾಳಿಯ ಸುಳಿ (ವೇಕ್ ಟರ್ಬ್ಯುಲೆನ್ಸ್). ‘ದೊಡ್ಡದು ಇಳಿದ ಜಾಗಕ್ಕಿಂತ ಮುಂದೆ ಇಳಿ, ಅದು ನೆಲ ಬಿಟ್ಟ ಜಾಗಕ್ಕಿಂತ ಮೊದಲೇ ಏರು’ ಎಂಬ ಪಾಠ ಎಲ್ಲರಿಗೂ ಗೊತ್ತು. ಆದರೆ ಸೇನಾ ನೆಲೆಯಲ್ಲಿ ಭಾರಿ ವಿಮಾನಗಳು ಮತ್ತೆ ಮತ್ತೆ ಟಚ್ ಅಂಡ್ ಗೋ ಅಭ್ಯಾಸ ಮಾಡುತ್ತವೆ. ಚಕ್ರ ಮುಟ್ಟಿಸಿ ನಿಲ್ಲದೆ ಮತ್ತೆ ಏರುವುದರಿಂದ, ಮುಟ್ಟುವ ಜಾಗಕ್ಕಿಂತ ಹಿಂದೆಯೂ ಏರಿದ ಜಾಗಕ್ಕಿಂತ ಮುಂದೆಯೂ ಸುಳಿ ಉಳಿಯುತ್ತದೆ, ಆ ಪಾಠ ಅಲ್ಲಿ ಕೈಕೊಡುತ್ತದೆ. ಲೋ ಅಪ್ರೋಚ್ (ಚಕ್ರ ಮುಟ್ಟಿಸದೆ ರನ್‌ವೇ ಮೇಲೆ ತಗ್ಗಿನಲ್ಲಿ ಹಾರುವುದು) ಮಾಡಿ ಹೋದಾಗಂತೂ ಇಡೀ ರನ್‌ವೇ ಅನುಮಾನದ್ದೇ. ಕನಿಷ್ಠ 2 ನಿಮಿಷ ಕಾಯಿರಿ. ಭಾರಿ ವಿಮಾನದ ಹಿಂದೆ ರನ್‌ವೇ ಮಧ್ಯದ ಇಂಟರ್‌ಸೆಕ್ಷನ್‌ನಿಂದ (ಟ್ಯಾಕ್ಸಿವೇ ಬಂದು ಸೇರುವ ಜಾಗ) ಹೊರಡುವುದಾದರೆ 3 ನಿಮಿಷ. ಗಾಳಿ ಜೋರಿದ್ದರೆ ಸುಳಿ ಬೇಗ ಚದುರುತ್ತದೆ. 1ರಿಂದ 5 ನಾಟ್‌ನ ಮೆಲ್ಲನೆ ಅಡ್ಡಗಾಳಿ ಗಾಳಿ ಬರುವ ಬದಿಯ ಸುಳಿಯನ್ನು ರನ್‌ವೇ ಮೇಲೆಯೇ ನಿಲ್ಲಿಸಿಬಿಡುತ್ತದೆ. ಓರೆಯಾಗಿ ಹಿಂದಿನಿಂದ ಬೀಸುವ ತಂಗಾಳಿ ಅದನ್ನು ನೀವು ಇಳಿಯುವ ಜಾಗಕ್ಕೇ ತಳ್ಳುತ್ತದೆ. ಟವರ್ ‘ಎಚ್ಚರಿಕೆ, ವೇಕ್ ಟರ್ಬ್ಯುಲೆನ್ಸ್’ ಎಂದು ಹೇಳಿ ಇಳಿಯಲು ಅನುಮತಿ ಕೊಟ್ಟರೂ ಒಪ್ಪಲೇಬೇಕಾಗಿಲ್ಲ, ಇನ್ನೊಂದು ಸುತ್ತು ಕೇಳಿ.

ಯುದ್ಧವಿಮಾನಗಳಿರುವ ನೆಲೆಗಳಲ್ಲಿ ರನ್‌ವೇಗೆ ಅಡ್ಡಲಾಗಿ ಉಕ್ಕಿನ ಕೇಬಲ್ ಇರುತ್ತದೆ, ಕೊಕ್ಕೆ ಹಾಕಿ ಜೆಟ್ ನಿಲ್ಲಿಸಲು. ಸುಮಾರು ಒಂದೂಕಾಲು ಇಂಚು ದಪ್ಪ. ರಬ್ಬರ್ ಬಿಲ್ಲೆಗಳು ಅದನ್ನು ನೆಲದಿಂದ ಎತ್ತಿ ಹಿಡಿದಿರುತ್ತವೆ. 10 ಅಡಿ ಅಗಲದ ಹಳದಿ ವೃತ್ತಗಳ ಸಾಲು ಅದರ ಗುರುತು. ಅದರ ಮೇಲೆ ಬ್ರೇಕ್ ಹಾಕಿದರೆ ಮೂಗಿನ ಚಕ್ರ ಕುಸಿದು ಪ್ರೊಪೆಲ್ಲರ್ ತಗುಲಬಹುದು, ಚಕ್ರದ ಕವಚ ಒಡೆಯಬಹುದು. ಕೇಬಲ್ ದಾಟಿದ ಮೇಲೆ ಚಕ್ರ ಮುಟ್ಟಿಸಿ, ರನ್‌ವೇ ಉದ್ದಕ್ಕೇನೂ ಕೊರತೆಯಿರುವುದಿಲ್ಲ. ನೆಲದ ಮೇಲೆ ಓಡಿಸುತ್ತಾ ದಾಟಲೇಬೇಕಾದರೆ ಬ್ರೇಕ್ ಬಿಟ್ಟು, ಯೋಕ್ (ವಿಮಾನದ ಮೂಗು ಎತ್ತಿಳಿಸುವ ಹಿಡಿ) ಹಿಂದಕ್ಕೆಳೆದು, ನಡಿಗೆಯ ವೇಗದಲ್ಲಿ ದಾಟಿ.