ದೂರದಾರಿ ನಡಿಗೆಯ ಪುಸ್ತಕವನ್ನು ಲೆಕ್ಕ ಹಿಡಿದು ಓದುವುದು ಹೇಗೆ

ಶಿವರಾತ್ರಿ ಹತ್ತಿರ ಬಂತೆಂದರೆ ಹಾಸನ, ಬೇಲೂರು, ಮೂಡಿಗೆರೆ ಕಡೆಯ ರಸ್ತೆಬದಿಯಲ್ಲಿ ಧರ್ಮಸ್ಥಳಕ್ಕೆ ಹೊರಟ ಪಾದಯಾತ್ರಿಗಳ ಸಾಲು ಕಾಣುತ್ತದೆ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುವ ಹೊತ್ತಿಗೆ ಎಷ್ಟೋ ಜನ ಕುಂಟುತ್ತಿರುತ್ತಾರೆ. ಅದು ಕೆಲವೇ ದಿನಗಳ ನಡಿಗೆ. ಐದಾರು ತಿಂಗಳು ನಡೆದವರ ಆತ್ಮಕಥನವನ್ನು ನಾವು ಎರಡು ರಾತ್ರಿಯಲ್ಲಿ ಮುಗಿಸಿ, "ಎಲ್ಲಾ ಒಂದೇ ಥರ, ನಡೆದ್ರು, ಉಂಡ್ರು, ಮಲಗಿದ್ರು" ಅಂತ ಪಕ್ಕಕ್ಕಿಡುತ್ತೇವೆ. ಕೆಲವು ಸಲ ತಪ್ಪು ಬರೆದವರದ್ದೇ. ಆದರೆ ಹೆಚ್ಚಿನ ಸಲ ಓದಿದವರು ಲೆಕ್ಕ ಇಟ್ಟಿರುವುದಿಲ್ಲ. ಇಂಥ ಪುಸ್ತಕದಲ್ಲಿ ಮೈಲಿ, ತೂಕ, ನೀರು, ಊಟದ ಲೆಕ್ಕ ಹಿಡಿದು ಹೋದರೆ, ಬರೆದವರು ಎಲ್ಲಿ ಲೆಕ್ಕ ಕೊಡುವುದನ್ನು ನಿಲ್ಲಿಸುತ್ತಾರೆ ಅನ್ನುವುದು ಗೊತ್ತಾಗುತ್ತದೆ. ಪುಸ್ತಕದ ತಿರುಳು ಬಹಳ ಸಲ ಅಲ್ಲೇ ಅಡಗಿರುತ್ತದೆ.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ: ಪೆನ್ಸಿಲ್, ರಬ್ಬರ್, 30 ಸೆಂ.ಮೀ. ಸ್ಕೇಲ್, ಒಂದು ಮೊಳ ಹೊಲಿಗೆ ದಾರ, ಒಂದು ಉದ್ದನೆಯ ನೋಟ್‌ಬುಕ್, ಒಂದಿಷ್ಟು ಗ್ರಾಫ್ ಹಾಳೆ, ಟೇಪು. ಪುಸ್ತಕ ಗ್ರಂಥಾಲಯದ್ದಾದರೆ ಅಂಚಿನಲ್ಲಿ ಗೀಚುವ ಬದಲು ನೋಟ್‌ಬುಕ್ಕಿನಲ್ಲಿ ಪುಟಸಂಖ್ಯೆ ಹಾಕಿಕೊಂಡು ಬರೆಯಿರಿ.

ಮೊದಲ ಅಧ್ಯಾಯಕ್ಕೂ ಮುಂಚೆ

ಲೇಖಕರ ಮಾತು, ನಕ್ಷೆ, ಕೊನೆಯ ಕೃತಜ್ಞತೆಯ ಪುಟ ಈ ಮೂರನ್ನು ಮೊದಲೇ ನೋಡಿ. ಹೆಸರು ಬದಲಿಸಿದ್ದೇನೆ, ಇಬ್ಬರನ್ನು ಸೇರಿಸಿ ಒಬ್ಬರನ್ನಾಗಿ ಮಾಡಿದ್ದೇನೆ, ಮಾತುಕತೆಯನ್ನು ನೆನಪಿನಿಂದ ಕಟ್ಟಿದ್ದೇನೆ ಎಂದೆಲ್ಲ ಅಲ್ಲಿ ಒಪ್ಪಿಕೊಂಡಿರುತ್ತಾರೆ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಎರಡು ಇಸವಿ ಬರೆದುಕೊಳ್ಳಿ: ನಡೆದದ್ದು ಯಾವಾಗ, ಪುಸ್ತಕ ಬಂದದ್ದು ಯಾವಾಗ. ನಡುವೆ ಹದಿನೈದು ವರ್ಷ ಇದ್ದು, ಒಂದು ಸಂಜೆಯ ಮಾತುಕತೆ ಎರಡು ಪುಟ ಅಕ್ಷರಶಃ ಬಂದಿದ್ದರೆ, ಅದನ್ನು ದಾಖಲೆ ಅಂತ ಓದಬೇಡಿ. ಸುಳ್ಳು ಅಂತಲೂ ತಳ್ಳಬೇಡಿ. ಆ ಸಂಜೆ ಅವರ ಮನಸ್ಸಿನಲ್ಲಿ ಹೀಗೆ ಉಳಿದಿದೆ ಅನ್ನುವಷ್ಟಕ್ಕೆ ಅದು ಸಾಕ್ಷಿ.

ಇನ್ನೊಂದು ವಿಷಯ ಇಲ್ಲೇ ಖಚಿತ ಮಾಡಿಕೊಳ್ಳಿ: ಇಡೀ ದಾರಿಯನ್ನು ಒಂದೇ ಋತುವಿನಲ್ಲಿ ನಡೆದರೇ, ತುಂಡು ತುಂಡಾಗಿಯೇ, ಯಾವುದಾದರೂ ಭಾಗ ಬಿಟ್ಟು ಬಸ್ಸು ಹಿಡಿದರೇ? ಬಿಟ್ಟಿದ್ದರೆ ಅದೇನು ಕುಂದಲ್ಲ. ಆದರೆ ಏಕೆ ಬಿಟ್ಟರು (ಹಿಮ, ಕಾಡ್ಗಿಚ್ಚು, ಗಾಯ, ದುಡ್ಡು) ಅನ್ನುವುದಕ್ಕೆ ಒಂದು ಸಾಲು ಖಾಲಿ ಬಿಟ್ಟಿರಿ. ಓದುತ್ತಾ ತುಂಬಿಸಬಹುದು.

ದಾರಿಯ ಪಟ್ಟಿ

ಪುಸ್ತಕದ ನಕ್ಷೆ ಸಾಮಾನ್ಯವಾಗಿ ಒಂದೇ ಪುಟ. ಅಮೆರಿಕದ ಪಶ್ಚಿಮದಲ್ಲಿ ಮೆಕ್ಸಿಕೊ ಗಡಿಯಿಂದ ಕೆನಡಾ ಗಡಿಗೆ ಹೋಗುವ ಪೆಸಿಫಿಕ್ ಕ್ರೆಸ್ಟ್ ಟ್ರೇಲ್ ಸುಮಾರು 4,265 ಕಿ.ಮೀ. ಅದನ್ನು 20 ಸೆಂ.ಮೀ. ಪುಟಕ್ಕೆ ಇಳಿಸಿದರೆ ಒಂದು ಸೆಂಟಿಮೀಟರಿಗೆ 200 ಕಿ.ಮೀ.ಗಿಂತ ಜಾಸ್ತಿ. ಬೇಲೂರಿನ ಮೇಲೆ ಹಾಸನದಿಂದ ಚಿಕ್ಕಮಗಳೂರಿಗೆ ಇರುವ ಸುಮಾರು 60 ಕಿ.ಮೀ. ಅಂಥ ನಕ್ಷೆಯಲ್ಲಿ ಒಂದು ಅಕ್ಕಿಕಾಳಿನ ಅರ್ಧದಷ್ಟು. ಒಂದು ದಿನದ ನಡಿಗೆಯನ್ನು ಅದರಲ್ಲಿ ಗುರುತಿಸಲಿಕ್ಕೇ ಆಗುವುದಿಲ್ಲ. ಹಾಗಾಗಿ ನಿಮ್ಮದೇ ಪಟ್ಟಿ ಮಾಡಿಕೊಳ್ಳಿ.

1 ಸೆಂ.ಮೀ.ಗೆ 20 ಕಿ.ಮೀ. ಅಳತೆ ಹಿಡಿಯಿರಿ. ಆಗ ಗ್ರಾಫಿನ ಒಂದು ಸಣ್ಣ ಮನೆ 2 ಕಿ.ಮೀ., 24 ಕಿ.ಮೀ. ನಡೆದ ದಿನ 12 ಮನೆ. ಗ್ರಾಫ್ ಹಾಳೆಯಲ್ಲಿ ಅಂಚು ಕತ್ತರಿಸಿದ ಮೇಲೆ ಸುಮಾರು 25 ಸೆಂ.ಮೀ. ಗೆರೆ ಸಿಗುತ್ತದೆ ಅಂತಿಟ್ಟುಕೊಂಡರೆ, ಪೂರ್ವ ಭಾಗದ ಸುಮಾರು 3,500 ಕಿ.ಮೀ.ಯ ಅಪಲಾಚಿಯನ್ ಟ್ರೇಲಿಗೆ 7 ಹಾಳೆ, ಪೆಸಿಫಿಕ್ ಕ್ರೆಸ್ಟಿಗೆ 9 ಹಾಳೆ ಬೇಕು. ಅಂಚಿಗೆ ಅಂಚು ಕೂಡಿಸಿ ಹಿಂಬದಿಗೆ ಟೇಪು ಹಚ್ಚಿ. ಒಂದರ ಮೇಲೊಂದು ಒಂದು ಸೆಂ.ಮೀ. ಏರಿಸಿ ಅಂಟಿಸಿದರೆ ಪ್ರತಿ ಕೂಡಿಕೆಯಲ್ಲೂ 20 ಕಿ.ಮೀ. ನುಂಗಿಹೋಗುತ್ತದೆ. ನಂತರ ಬೀಸಣಿಗೆಯ ಹಾಗೆ ಮಡಚಿ ಪುಸ್ತಕದೊಳಗೇ ಇಡಬಹುದು.

ಗೆರೆಯ ಮೇಲೆ ಊರು, ತಾರೀಖು. ಗೆರೆಯ ಕೆಳಗೆ ನಡೆಯದೆ ಕಳೆದ ದಿನಗಳಿಗೆ ಒಂದೊಂದು ಸೊನ್ನೆ. ನಡೆಯುವವರೂ ಅದನ್ನು ಝೀರೋ ಡೇ ಅಂತಲೇ ಕರೆಯುತ್ತಾರೆ. ಈ ಸೊನ್ನೆಗಳನ್ನು ಮರೆತರೆ ಸರಾಸರಿ ಕೆಡುತ್ತದೆ. 4,265 ಕಿ.ಮೀ.ಗೆ 150 ದಿನ ಅಂದರೆ ದಿನಕ್ಕೆ 28 ಕಿ.ಮೀ. ಅನ್ನಿಸುತ್ತದೆ. ಅದರಲ್ಲಿ 20 ಸೊನ್ನೆ ಇದ್ದರೆ, ನಡೆದ ದಿನಗಳ ಸರಾಸರಿ 33 ಕಿ.ಮೀ.ಗೆ ಹತ್ತಿರ ಬರುತ್ತದೆ. ಈ ಎರಡರ ಅಂತರ ಗೊತ್ತಿರಬೇಕಾದದ್ದು ಬರೆದವರ ಕಾಲುಗಳಿಗೆ.

ದಾರ ಎಲ್ಲಿಗೆ ಅಂದರೆ, ನಕ್ಷೆಯ ಅಂಕುಡೊಂಕು ಗೆರೆಯ ಮೇಲೆ ಹಾಸಿ ಎರಡು ಊರಿನ ನಡುವಿನ ದೂರ ಅಂದಾಜು ಮಾಡಲು. ದಾರ ಹೇಳುವ ದೂರ ಪುಸ್ತಕ ಹೇಳುವ ದೂರಕ್ಕಿಂತ ಯಾವಾಗಲೂ ಕಮ್ಮಿ ಬರುತ್ತದೆ, ಏಕೆಂದರೆ ಸಣ್ಣ ನಕ್ಷೆಯಲ್ಲಿ ತಿರುವುಗಳು ಸವೆದುಹೋಗಿರುತ್ತವೆ. ಅದಕ್ಕೇ ದೂರವನ್ನು ಪಠ್ಯದಿಂದ ತೆಗೆದುಕೊಂಡು, ಪಠ್ಯದಲ್ಲಿ ಇಲ್ಲದಾಗ ಮಾತ್ರ ದಾರ ಬಳಸಿ. ಹಳೆಯ ಪುಸ್ತಕದ ಒಟ್ಟು ಮೈಲಿ ಇವತ್ತಿನದಕ್ಕೆ ಹೊಂದದಿದ್ದರೆ ಲೇಖಕರ ಮೇಲೆ ಅನುಮಾನ ಬೇಡ. ದಾರಿಯನ್ನು ಅಲ್ಲಲ್ಲಿ ಬದಲಿಸುತ್ತಲೇ ಇರುತ್ತಾರೆ, ಉದ್ದವೂ ಬದಲಾಗುತ್ತದೆ.

ಮೈಲಿ, ಅಡಿ, ಪೌಂಡು

ಮೈಲಿಗೆ 1.6, ಅಡಿಗೆ 0.3, ಪೌಂಡಿಗೆ 0.45 ಗುಣಿಸಿ. ಫ್ಯಾರನ್‌ಹೀಟಿಗೆ 30 ಕಳೆದು ಅರ್ಧ ಮಾಡಿದರೆ ಓದಿಗೆ ಸಾಕು. ಇಷ್ಟು ಬುಕ್‌ಮಾರ್ಕಿನ ಮೇಲೆ ಬರೆದಿಟ್ಟುಕೊಳ್ಳಿ.

ಎತ್ತರದ ವಿಷಯದಲ್ಲಿ ನಮ್ಮ ಕಡೆಯ ಓದುಗರು ಎಡವುವುದು ಹೆಚ್ಚು. ಅಪಲಾಚಿಯನ್ ದಾರಿಯ ಉತ್ತರ ತುದಿ ಮೇನ್ ರಾಜ್ಯದ ಕಟಾಡಿನ್ ಬೆಟ್ಟ, ಸುಮಾರು 1,605 ಮೀಟರ್. ನಮ್ಮ ಮುಳ್ಳಯ್ಯನಗಿರಿ 1,930. "ಅಷ್ಟೇನಾ?" ಅಂತ ಅನ್ನಿಸುವುದು ಸಹಜ. ಆದರೆ ಚಿಕ್ಕಮಗಳೂರು ಪೇಟೆಯೇ 1,090 ಮೀಟರಿನಲ್ಲಿ ಕೂತಿದೆ. ಅಲ್ಲಿಂದ ನೆತ್ತಿಗೆ ಉಳಿಯುವ ಏರು 840 ಮೀಟರ್, ಅದರಲ್ಲೂ ಹೆಚ್ಚಿನದನ್ನು ಜೀಪು ಹತ್ತಿಸಿಬಿಡುತ್ತದೆ. ಕಟಾಡಿನ್ನಿನಲ್ಲಿ ಬುಡದ ಬಿಡಾರದಿಂದ 8 ಕಿ.ಮೀ. ಚಿಲ್ಲರೆ ದಾರಿಯಲ್ಲಿ 1,200 ಮೀಟರಿಗೂ ಮಿಕ್ಕಿ ಹತ್ತಬೇಕು, ಮೇಲ್ಭಾಗದಲ್ಲಿ ಬಂಡೆಗೆ ಕೈ ಕೊಟ್ಟು. ಆದ್ದರಿಂದ ಶಿಖರದ ಎತ್ತರ ಬರೆದುಕೊಳ್ಳುವುದಕ್ಕಿಂತ ಆ ದಿನ ಏರಿದ್ದೆಷ್ಟು ಎಂದು ಬರೆದುಕೊಳ್ಳಿ.

ಏರನ್ನು ಗಂಟೆಗೆ ಇಳಿಸಲು ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ ಸೂತ್ರ ಈಗಲೂ ನಡೆಯುತ್ತದೆ: 5 ಕಿ.ಮೀ.ಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 24 ಕಿ.ಮೀ. ದಾರಿ, 1,200 ಮೀಟರ್ ಏರು ಅಂದರೆ ಆರೂ ಮುಕ್ಕಾಲು ಗಂಟೆ ಚಿಲ್ಲರೆ, ಕೂತದ್ದು, ತಿಂದದ್ದು ಬಿಟ್ಟು. ಬೆನ್ನಿಗೆ ಭಾರ, ಕಾಲಡಿ ಹಿಮ, ಕೈಕೊಟ್ಟು ಹತ್ತುವ ಬಂಡೆ ಇವಕ್ಕೆ ಸೂತ್ರದಲ್ಲಿ ಜಾಗ ಇಲ್ಲ. ಪುಸ್ತಕದಲ್ಲಿ ಅದೇ ದಿನಕ್ಕೆ ಹನ್ನೆರಡು ಗಂಟೆ ಹಿಡಿದಿದ್ದರೆ, ಉಳಿದ ಐದು ಗಂಟೆ ಎಲ್ಲಿ ಹೋಯಿತು ಅಂತ ಹುಡುಕಿ. ಕಾಲುಬೊಬ್ಬೆ, ದಾರಿ ತಪ್ಪಿದ್ದು, ಅತ್ತದ್ದು, ಏನೋ ಒಂದು ಸಿಗುತ್ತದೆ.

ಬೆನ್ನ ಮೇಲಿನ ಭಾರ

ಬೇಸ್ ವೇಟ್ ಅಂದರೆ ಊಟ, ನೀರು, ಸ್ಟೋವಿನ ಇಂಧನ ಬಿಟ್ಟು ಉಳಿದ ತೂಕ. ಅದು 10 ಪೌಂಡ್, ಅಂದರೆ ನಾಲ್ಕೂವರೆ ಕಿಲೋಗಿಂತ ಕಮ್ಮಿಯಿದ್ದರೆ ಅಲ್ಟ್ರಾಲೈಟ್ ಅನ್ನುತ್ತಾರೆ. 9 ಕಿಲೋ ಇದೆ ಅಂತಿಟ್ಟುಕೊಳ್ಳಿ. ಒಣ ಊಟ ದಿನಕ್ಕೆ 800 ಗ್ರಾಂನಂತೆ ಐದು ದಿನಕ್ಕೆ 4 ಕಿಲೋ. ನೀರು 4 ಲೀಟರ್, ಇನ್ನೂ 4 ಕಿಲೋ. ಒಟ್ಟು 17. ನಮ್ಮಲ್ಲಿ ಕಾಫಿ ಮೂಟೆ 50 ಕಿಲೋ. ಅದರ ಮೂರನೇ ಒಂದು ಪಾಲು, ಬೆಳಗಿನಿಂದ ಸಂಜೆವರೆಗೆ.

ಈ ತೂಕ ದಿನದಿನಕ್ಕೆ ಇಳಿದು, ಪೇಟೆ ಮುಟ್ಟಿ ಸಾಮಾನು ತುಂಬಿಸಿಕೊಂಡಾಗ ಮತ್ತೆ ಏರುತ್ತದೆ. ಗರಗಸದ ಹಲ್ಲಿನ ಹಾಗೆ ಬರುವ ಈ ಗೆರೆಯನ್ನು ದಾರಿಯ ಪಟ್ಟಿಯ ಕೆಳಗೇ ಎಳೆಯಿರಿ. ಲೇಖಕರು ಸಿಡುಕುವ, ಜೊತೆಗಾರರ ಮೇಲೆ ಹರಿಹಾಯುವ ಪುಟಗಳು ಎರಡು ಜಾಗದಲ್ಲಿ ಗುಂಪಾಗುತ್ತವೆಯೇ ನೋಡಿ: ಹಲ್ಲಿನ ತುದಿಯಲ್ಲಿ, ಅಂದರೆ ಪೇಟೆ ಬಿಟ್ಟ ಮೊದಲ ದಿನ, ಮತ್ತು ತಳದಲ್ಲಿ, ಅಂದರೆ ಚೀಲದ ಊಟ ಮುಗಿಯುತ್ತಾ ಬಂದಾಗ. ಓದಿನ ಕಂತುಗಳನ್ನೂ ಅಧ್ಯಾಯದ ಬದಲು ಒಂದು ಪೇಟೆಯಿಂದ ಇನ್ನೊಂದು ಪೇಟೆಗೆ ಅಂತ ಮಾಡಿಕೊಳ್ಳುವುದು ಒಳ್ಳೆಯದು. 320 ಪುಟದ ಪುಸ್ತಕಕ್ಕೆ ಹನ್ನೆರಡು ಕಂತು ಸಾಕು.

ಲೆಕ್ಕ ನಿಂತ ಕಡೆ

ತೋರಿಸಲಿಕ್ಕೆಂದು ಕಟ್ಟಿದ ಒಂದು ಪ್ಯಾರಾ ಇದು. ಯಾವ ಪುಸ್ತಕದ್ದೂ ಅಲ್ಲ.

"ಮೂವತ್ತೊಂದನೇ ದಿನ. ಹದಿನೇಳು ಮೈಲಿ. ಎರಡು ಲೀಟರ್ ನೀರು ಹನ್ನೊಂದನೇ ಮೈಲಿಗೆ ಮುಗಿಯಿತು. ಅಪ್ಪ ಅಂಗಡಿ ಮುಚ್ಚಿದ ಸಂಜೆ ಬೀಗದ ಕೈಯನ್ನು ನನ್ನ ಕೈಗೆ ಕೊಟ್ಟು, ತಾನು ಮಾತ್ರ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದರು. ಕತ್ತಲಾಗುವಾಗ ಹಳ್ಳ ಸಿಕ್ಕಿತು."

ಹದಿನೇಳರಲ್ಲಿ ಹನ್ನೊಂದು ಕಳೆದರೆ ಆರು ಮೈಲಿ, ಹತ್ತಿರ ಹತ್ತು ಕಿ.ಮೀ. ಭಾರ ಹೊತ್ತು ಗಂಟೆಗೆ 4 ಕಿ.ಮೀ. ಹಿಡಿದರೂ ಎರಡೂವರೆ ಗಂಟೆ, ನೀರಿಲ್ಲದೆ. ಆ ಎರಡೂವರೆ ಗಂಟೆಯ ಬಗ್ಗೆ ಒಂದು ಮಾತೂ ಇಲ್ಲ. ಆ ಜಾಗದಲ್ಲಿ ಬೀಗದ ಕೈ ಇದೆ. ಅಪ್ಪನ ಸಾಲು ಮಾತ್ರ ಓದಿದವರಿಗೆ ಅದು ನೆನಪಿನ ತುಣುಕು. ಕಳೆಯುವ ಲೆಕ್ಕ ಮಾಡಿದವರಿಗೆ, ಬಾಯಾರಿ ನಡೆಯುವಾಗ ಯಾವ ನೆನಪು ತಲೆಗೆ ಬಂತು ಅನ್ನುವುದೂ ಗೊತ್ತಾಗುತ್ತದೆ.

ಒಂದು ಅಧ್ಯಾಯ ಆರಿಸಿಕೊಂಡು ಪ್ಯಾರಾ ಪ್ಯಾರಾಕ್ಕೂ ಒಂದಕ್ಷರ ಹಾಕಿ: ದಾರಿಯ ಮೇಲಿನದಕ್ಕೆ "ದಾ", ನಡಿಗೆಗೂ ಮುಂಚಿನ ಬದುಕಿಗೆ "ಹಿ", ಬರೆಯಲು ಕೂತಾಗಿನ ಯೋಚನೆಗೆ "ಈ". "ಆಗ ನನಗೆ ತಿಳಿದಿರಲಿಲ್ಲ" ಎಂಬಂಥ ಸಾಲು ಯಾವಾಗಲೂ "ಈ". ಅಧ್ಯಾಯದ ಕೊನೆಗೆಲ್ಲ "ಈ" ಬಂದು ಕೂತಿದ್ದರೆ ಲೇಖಕರಿಗೆ ಉಪದೇಶದ ಚಟ ಇದೆ ಅಂತಲೇ ಅರ್ಥ. ಅಂಥ ಸಾಲುಗಳನ್ನು ಹಾರಿಸಿ ಓದಿದರೂ ನಷ್ಟವಿಲ್ಲ. ಇಡೀ ಪುಸ್ತಕಕ್ಕೆ ಹೀಗೆ ಮಾಡಲು ಹೋಗಬೇಡಿ, ಓದುವ ಸುಖವೇ ಹೋಗುತ್ತದೆ.

ಮಲೆನಾಡಿನ ಕಣ್ಣು ಮೋಸ ಮಾಡುವ ಕಡೆ

ಕ್ರೀಕ್ ಅಂದರೆ ಹಳ್ಳ, ಸ್ವಿಚ್‌ಬ್ಯಾಕ್ ಅಂದರೆ ಘಾಟಿಯ ತಿರುವಿನಂಥ ಕಾಲುದಾರಿ, ಮೆಡೋ ಅಂದರೆ ಹೆಚ್ಚುಕಮ್ಮಿ ನಮ್ಮ ಬ್ಯಾಣ. ಎರಡು ಬೆಟ್ಟದ ನಡುವಿನ ತಗ್ಗಿಗೆ ಅಪಲಾಚಿಯನ್ನಿನ ದಕ್ಷಿಣದಲ್ಲಿ ಗ್ಯಾಪ್ ಅನ್ನುತ್ತಾರೆ, ನ್ಯೂ ಹ್ಯಾಂಪ್‌ಶೈರಿನಲ್ಲಿ ನಾಚ್ ಅನ್ನುತ್ತಾರೆ. ಇಂಥ ಪದಗಳಿಗೆ ನಮ್ಮ ಮಾತು ಬರೆದುಕೊಂಡರೆ ಚಿತ್ರ ಬೇಗ ಕಟ್ಟುತ್ತದೆ. ಆದರೆ ಹವಾಮಾನವನ್ನು ಇಲ್ಲಿಂದ ಕೊಂಡೊಯ್ಯಬೇಡಿ. ನಮ್ಮಲ್ಲಿ ಇಂಬಳ ಕಚ್ಚುವ ಜೂನ್‌ನಿಂದ ಸೆಪ್ಟೆಂಬರ್, ಅವರಿಗೆ ನಡೆಯುವ ಕಾಲ. ಕ್ಯಾಲಿಫೋರ್ನಿಯದಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ, ಬೇಸಿಗೆ ಒಣ. ಪೆಸಿಫಿಕ್ ಕ್ರೆಸ್ಟಿನಲ್ಲಿ ದಕ್ಷಿಣದಿಂದ ಹೊರಟವರಿಗೆ ಮೊದಲ ಸಾವಿರದ ನೂರು ಕಿ.ಮೀ. ಚಿಲ್ಲರೆ ಬಹುಪಾಲು ಒಣನಾಡು, ಆಮೇಲೆ ಸಿಯೆರಾ ಪರ್ವತಸಾಲಿನಲ್ಲಿ 4,000 ಮೀಟರ್ ಮುಟ್ಟುವ ಕಣಿವೆದಾರಿ. ಬೇಗ ಹೊರಟರೆ ಅಲ್ಲಿ ಹಿಮ ಕರಗಿರುವುದಿಲ್ಲ, ತಡವಾದರೆ ಉತ್ತರದ ತುದಿಯಲ್ಲಿ ಹೊಸ ಹಿಮ ಹಿಡಿದುಕೊಳ್ಳುತ್ತದೆ. ಪುಸ್ತಕದಲ್ಲಿ ಮತ್ತೆ ಮತ್ತೆ ಬರುವ ಆತುರಕ್ಕೆ ಕಾರಣ ಇದೇ, ಹಟವೊಂದೇ ಅಲ್ಲ.

ದಾರಿಯಲ್ಲಿ ನಡೆಯುವವರಿಗೆ ಪುಕ್ಕಟೆ ನೆರವಾಗುವ ಟ್ರೇಲ್ ಏಂಜೆಲ್ ಅನ್ನುವವರನ್ನು ಪಾದಯಾತ್ರಿಗಳಿಗೆ ಮಜ್ಜಿಗೆ, ಪಾನಕ ಕೊಡುವವರ ಜೊತೆ ಹೋಲಿಸಬಹುದು, ತಪ್ಪಿಲ್ಲ. ವ್ಯತ್ಯಾಸ ಒಂದಿದೆ: ನಮ್ಮಲ್ಲಿ ಕೊಡುವವರಿಗೂ ನಡೆಯುವವರಿಗೂ ದೇವರು ಒಬ್ಬನೇ. ಅಲ್ಲಿ ಪರಿಚಯ ಇಲ್ಲ, ಹರಕೆ ಇಲ್ಲ, ಎಷ್ಟೋ ಸಲ ನಿಜವಾದ ಹೆಸರೂ ಗೊತ್ತಿರುವುದಿಲ್ಲ, ದಾರಿಯಲ್ಲಿ ಇಟ್ಟ ಅಡ್ಡಹೆಸರಷ್ಟೇ. ಜೊತೆಗೆ, ಐದು ತಿಂಗಳು ಕೆಲಸ ಬಿಟ್ಟು ನಡೆಯಲು ದುಡ್ಡು ಎಲ್ಲಿಂದ ಬಂತು ಅಂತಲೂ ಕೇಳಿಕೊಳ್ಳಿ. ಅದನ್ನು ಹೇಳದೆ ಸ್ವಾತಂತ್ರ್ಯದ ಬಗ್ಗೆ ಪುಟಗಟ್ಟಲೆ ಬರೆದಿದ್ದರೆ ನೋಟ್‌ಬುಕ್ಕಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ.

ಒಂದು ಬೆಳಗ್ಗೆ ಹೊರಗೆ

ಪುಸ್ತಕ ಅರ್ಧಕ್ಕೆ ಬಂದಾಗ ಅರ್ಧ ದಿನ ನಡೆದು ಬನ್ನಿ. ಮಳೆ ನಿಂತ ಮೇಲೆ, ಅಕ್ಟೋಬರ್ ಕೊನೆಯಿಂದ ಜನವರಿ ಒಳಗೆ, ಸರ್ಪದಾರಿಯಿಂದ ಮುಳ್ಳಯ್ಯನಗಿರಿಗೆ ಹತ್ತುವ ಸುಮಾರು 4 ಕಿ.ಮೀ. ಕಾಲುದಾರಿ ಇದಕ್ಕೆ ಸರಿಯಾಗಿದೆ. ವಾರದ ನಡುವಿನ ದಿನ ಆರಿಸಿ, ಪ್ರವೇಶದ ನಿಯಮ ಮೊದಲೇ ವಿಚಾರಿಸಿ. ಕುದುರೆಮುಖಕ್ಕಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಸಕಲೇಶಪುರದಿಂದ ಸುಬ್ರಹ್ಮಣ್ಯ ಕಡೆಯ ರೈಲುಹಳಿ ಮೇಲೆ ನಡೆಯುವ ಯೋಚನೆ ಇದ್ದರೆ ಬಿಟ್ಟುಬಿಡಿ, ಅದು ಅಪರಾಧ, ಸುರಂಗದೊಳಗೆ ಪಕ್ಕಕ್ಕೆ ಸರಿಯಲು ಜಾಗವೂ ಸಿಗದು.

ಚೀಲದಲ್ಲಿ 8 ಕಿಲೋ ತುಂಬಿಸಿ: 2 ಲೀಟರ್ ನೀರು, 5 ಕಿಲೋ ಅಕ್ಕಿ, ಉಳಿದದ್ದು ಬುತ್ತಿ ಮತ್ತು ಜರ್ಕಿನ್. ಅಕ್ಕಿಯನ್ನು ಬಟ್ಟೆಯಲ್ಲಿ ಸುತ್ತಿ ಬೆನ್ನಿಗೆ ಹತ್ತಿರ, ಭುಜದ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಬರುವಂತೆ ಇಡಿ. ತಳದಲ್ಲಿಟ್ಟರೆ ಚೀಲ ಹಿಂದಕ್ಕೆ ಎಳೆಯುತ್ತದೆ, ಹೊರಬದಿಗೆ ಇಟ್ಟರೆ ಏರಿನಲ್ಲಿ ತೂಗಾಡಿಸುತ್ತದೆ. ಹೊರಟ ಹೊತ್ತು, ಮೊದಲ ಸಲ ಚೀಲ ಇಳಿಸಿದ ಹೊತ್ತು, ನೀರು ಅರ್ಧವಾದ ಹೊತ್ತು, ಈ ಮೂರನ್ನು ಮೊಬೈಲಿನಲ್ಲಿ ಬರೆದುಕೊಳ್ಳಿ.

ಮನೆಗೆ ಬಂದು, ಪಟ್ಟಿ ಒತ್ತಿದ ಭುಜ ಇನ್ನೂ ನೋಯುತ್ತಿರುವಾಗಲೇ ಪುಸ್ತಕದ ಮೊದಲ ದಿನದ ಅಧ್ಯಾಯವನ್ನು ಮತ್ತೆ ತೆಗೆಯಿರಿ. ಚೀಲ ಹಗುರ ಮಾಡಲು ಲೇಖಕರು ಏನೇನು ಬಿಸಾಕಿದರು, ಎಷ್ಟನೇ ದಿನ ಬಿಸಾಕಿದರು, ಭಾರವೆಂದು ಗೊತ್ತಿದ್ದೂ ಯಾವುದನ್ನು ಕೊನೆವರೆಗೂ ಹೊತ್ತರು ಅಂತ ಪಟ್ಟಿ ಮಾಡಿ, ಪಕ್ಕದಲ್ಲಿ ಇಳಿಯುವಾಗ ನಿಮ್ಮ ಚೀಲದಿಂದ ತೆಗೆದುಹಾಕಬೇಕು ಅನ್ನಿಸಿದ್ದನ್ನೂ ಬರೆಯಿರಿ.