ಅಡಿಕೆ ತೋಟದಿಂದ ಹಳೆ ಹಡಗುಗಳಿಗೊಂದು ಕಾಲ್

ಜೂನ್ ತಿಂಗಳ ಮೊದಲ ಪೂರ್ತಿ ವೀಕೆಂಡ್ ಬಂತೆಂದರೆ ನಾನು ಮದುವೆ, ಪೂಜೆ ಯಾವುದನ್ನೂ ಒಪ್ಪಿಕೊಳ್ಳುವುದಿಲ್ಲ. ಅದು ಮ್ಯೂಸಿಯಂ ಶಿಪ್ಸ್ ವೀಕೆಂಡ್. ಮ್ಯೂಸಿಯಂ ಆಗಿರುವ ಹಳೆ ಯುದ್ಧನೌಕೆ, ಸಬ್‌ಮರೀನ್, ಪ್ರಯಾಣಿಕರ ಹಡಗುಗಳ ಒಳಗೆ ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೊದವರು, ರೇಡಿಯೊ ಹಿಡಿದು ಕೂತಿರುತ್ತಾರೆ. ನಮ್ಮ ಗಡಿಯಾರದಲ್ಲಿ ಶನಿವಾರ ಬೆಳಗ್ಗೆ 5:30ರಿಂದ ಸೋಮವಾರ ಬೆಳಗ್ಗೆ 5:30ರವರೆಗೆ. ನಮ್ಮ ರೇಡಿಯೊದಿಂದ 15 ಹಡಗುಗಳನ್ನು ಸಂಪರ್ಕಿಸಿದರೆ ಸರ್ಟಿಫಿಕೇಟ್ ಉಂಟು.

ಕಾಸರಗೋಡಿನ ಬದಿಯಡ್ಕದ ಈಚೆಯ ನಮ್ಮ ತೋಟದಲ್ಲಿ ಆಗ ಮಳೆಗಾಲ ಶುರುವಾಗುವ ಹೊತ್ತು. ಹಾಗಾಗಿ ನಾನು ಆಂಟೆನಾ ಕೆಲಸವನ್ನು ಮೇ ತಿಂಗಳಲ್ಲೇ ಮುಗಿಸುತ್ತೇನೆ. 20 ಮೀಟರ್ ತರಂಗಾಂತರದ ಬ್ಯಾಂಡಿಗೆ ಒಂದೇ ಡೈಪೋಲ್, ಅಂದರೆ ನಡುವೆ ಕೇಬಲ್ ಸೇರುವ ವಯರ್ ಆಂಟೆನಾ, ಆಚೆ ಈಚೆ ಐದೈದು ಮೀಟರ್ ತಾಮ್ರದ ವಯರ್. 30 ಅಡಿಯಾದರೂ ಎತ್ತರ ಬೇಕು. ಅಡಿಕೆ ಮರಕ್ಕೆ ಕಟ್ಟಿದರೆ ಗಾಳಿಗೆ ಬಳುಕಿ ವಯರ್ ಕಡಿಯುತ್ತದೆ, ಹಲಸಿನ ಮರವೇ ಗಟ್ಟಿ. ಅಡಿಕೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿಯಲ್ಲಿ ನೈಲಾನ್ ಹಗ್ಗವನ್ನು ಕೊಂಬೆಯ ಮೇಲೆ ದಾಟಿಸಿ ದೋಟಿಯನ್ನು ಕೆಳಗಿಳಿಸುತ್ತೇನೆ. ಕಾರ್ಬನ್ ಫೈಬರಿನಲ್ಲಿ ಕರೆಂಟ್ ಹರಿಯುತ್ತದೆ, ದೋಟಿಯನ್ನು ವಿದ್ಯುತ್ ಲೈನಿನ ಹತ್ತಿರಕ್ಕೆ ಮಾತ್ರ ಒಯ್ಯಲೇಬೇಡಿ.

ಡೈಪೋಲಿಗೆ ವಯರಿನ ಅಡ್ಡ ದಿಕ್ಕಿನಿಂದ ಬರುವುದು ಚೆನ್ನಾಗಿ ಕೇಳುತ್ತದೆ, ತುದಿಯ ದಿಕ್ಕಿಗೆ ಕಡಿಮೆ. ಇಲ್ಲಿಂದ ಲಂಡನ್ ವಾಯವ್ಯಕ್ಕೆ ಬರುತ್ತದೆ. ಅದಕ್ಕೇ ವಯರನ್ನು ಈಶಾನ್ಯ–ನೈಋತ್ಯಕ್ಕೆ ಎಳೆದಿದ್ದೇನೆ.

ಪವರ್ ಜಾಸ್ತಿ ಬೇಕು ಅಂತ ತುಂಬ ಜನ ಅಂದುಕೊಳ್ಳುತ್ತಾರೆ. ನನಗೆ ಉಪಯೋಗಕ್ಕೆ ಬಂದದ್ದು ಮನೆಯ ಗದ್ದಲ ಕಡಿಮೆ ಮಾಡಿದ್ದು. ಎಲ್‌ಇಡಿ ಬಲ್ಬ್, ಮೊಬೈಲ್ ಚಾರ್ಜರ್, ಇನ್ವರ್ಟರ್ ಎಲ್ಲವೂ ರಿಸೀವರಿನಲ್ಲಿ ಗುಂಯ್ ಅನ್ನುತ್ತವೆ. ಒಂದೊಂದಾಗಿ ಆಫ್ ಮಾಡಿ ನೋಡಿ, ಕಳ್ಳ ಯಾರು ಅಂತ ಗೊತ್ತಾಗುತ್ತದೆ. ರೇಡಿಯೊವನ್ನು 12 ವೋಲ್ಟಿನ ಬ್ಯಾಟರಿಯಲ್ಲಿ ನಡೆಸುತ್ತೇನೆ, ಮಳೆಗೆ ಕರೆಂಟು ಹೋದರೆ ಕೇಳುವುದಕ್ಕೆ ಇನ್ನೂ ಒಳ್ಳೆಯದು!

ಸಂಜೆ ಏಳರ ಮೇಲೆ ಯುರೋಪ್ ತೆರೆದುಕೊಂಡಿತು, ಅಲ್ಲಿನ ಸ್ಟೇಷನ್‌ಗಳು ಕೇಳತೊಡಗಿದವು. ಚಟಪಟ ಸಿಡಿಲಿನ ಸದ್ದಿನ ನಡುವೆ "ಗಾಲ್ಫ್ ಬ್ರಾವೊ ಟೂ ರೋಮಿಯೊ ನವೆಂಬರ್" ಅನ್ನುವ ದನಿ ಏರಿ ಇಳಿಯುತ್ತಿತ್ತು. ಜಿಬಿ2ಆರ್‌ಎನ್ ಅನ್ನುವ ಕಾಲ್ ಸೈನ್ ಅದು, ಅಂದರೆ ಸ್ಟೇಷನ್ನಿನ ಗುರುತಿನ ಹೆಸರು. ಆ ಸ್ಟೇಷನ್ ಥೇಮ್ಸ್ ನದಿಯಲ್ಲಿ ಟವರ್ ಬ್ರಿಜ್ ಪಕ್ಕ ನಿಂತಿರುವ ಎಚ್‌ಎಂಎಸ್ ಬೆಲ್‌ಫಾಸ್ಟ್, 1944ರ ಡಿ-ಡೇಯಲ್ಲಿ ನಾರ್ಮಂಡಿ ತೀರಕ್ಕೆ ತೋಪು ಹಾರಿಸಿದ ಹಡಗು. ಎಲ್ಲರೂ ಒಟ್ಟಿಗೆ ಕರೆಯುತ್ತಿದ್ದರು. ನಾನು ಸುಮ್ನೆ ಕೇಳುತ್ತಾ ಕೂತೆ. ಆಪರೇಟರ್ ಒಂದು ಕಾಂಟ್ಯಾಕ್ಟ್ ಮುಗಿಸಿದ ಮೇಲೆ ಎಷ್ಟು ಹೊತ್ತು ಬಿಡುತ್ತಾರೆ ಅನ್ನುವುದು ಗೊತ್ತಾಯಿತು, ಉಳಿದವರ ಗಲಾಟೆ ತಗ್ಗುವ ಆ ಸಂದಿಯಲ್ಲಿ ಪೂರ್ತಿ ಕಾಲ್ ಸೈನ್ ಒಮ್ಮೆ ಮಾತ್ರ, ನಿಧಾನಕ್ಕೆ ಹೇಳಿದೆ. "ವಿಕ್ಟರ್ ಯೂನಿಫಾರ್ಮ್ ಸ್ಟೇಷನ್, ಅಗೇನ್?" ಅಂತ ಬಂತು ನೋಡಿ (ವಿಕ್ಟರ್ ಯೂನಿಫಾರ್ಮ್ ಅಂದರೆ ವಿಯು, ಭಾರತದ ಸ್ಟೇಷನ್), ಮೈ ಜುಂ ಅಂದಿತು. ಸಿಗ್ನಲ್ ಹೇಗೆ ಕೇಳುತ್ತಿದೆ ಅನ್ನುವ ರಿಪೋರ್ಟ್ ಕೊಟ್ಟು ತೆಗೆದುಕೊಂಡು, ಹಡಗಿನ ಹೆಸರು ಕೇಳಿ ಬರೆದುಕೊಂಡೆ. ಅರ್ಧ ನಿಮಿಷವೂ ಆಗಿರಲಿಕ್ಕಿಲ್ಲ.

ಅಷ್ಟರಲ್ಲಿ ಅಡುಗೆಮನೆಯಿಂದ ಅಮ್ಮ, "ಗುಡುಗು ಬರ್ತಾ ಉಂಟು ಮಾರಾಯ, ಆ ವಯರ್ ತೆಗಿ!" ಎಂದರು. ತೆಗೆದೆ. ಚಟಪಟ ದಟ್ಟವಾದರೆ ಮಿಂಚು ಹತ್ತಿರ ಬಂತು ಅಂತ ಅರ್ಥ. ಆಂಟೆನಾದಿಂದ ರೇಡಿಯೊಗೆ ಬರುವ ಕೋಆಕ್ಸ್ ಕೇಬಲ್ ಬಿಚ್ಚಿ ಕಿಟಕಿಯ ಹೊರಗೆ ಹಾಕಬೇಕು, ಯಾವ ಹಡಗೂ ಜೀವಕ್ಕಿಂತ ದೊಡ್ಡದಲ್ಲ.

ಬೆಳಗ್ಗೆ ಆರರ ಸುಮಾರಿಗೆ ಚುಕ್ಕೆ–ಗೆರೆಯ ಸದ್ದಿನ ಮೋರ್ಸ್ ಕೋಡ್‌ನಲ್ಲಿ ಎನ್‌ಜೆ2ಬಿಬಿ ಸಿಕ್ಕಿತು, ಅಮೆರಿಕದ ಕ್ಯಾಮ್ಡೆನ್‌ನ ಯುಎಸ್‌ಎಸ್ ನ್ಯೂ ಜರ್ಸಿ. ಈ ವೀಕೆಂಡನ್ನು ನಡೆಸುವುದೇ ಆ ಹಡಗಿನ ಹ್ಯಾಮ್‌ಗಳು. ಮಾತು ಮುಳುಗಿಹೋಗುವಷ್ಟು ಸಣ್ಣ ಸಿಗ್ನಲ್‌ನಲ್ಲೂ ಮೋರ್ಸ್ ದಾಟಿ ಬರುತ್ತದೆ. ಕಲಿಯದೆ ಬಿಟ್ಟವರು ದಯವಿಟ್ಟು ಕಲಿಯಿರಿ.

ನನಗೆ ತುಂಬ ಆಸೆ ಇರುವುದು ಹೊನೊಲುಲುವಿನ ಯುಎಸ್‌ಎಸ್ ಮಿಸೌರಿ ಮೇಲೆ, ಕೆಎಚ್6ಬಿಬಿ. 1945ರ ಸೆಪ್ಟೆಂಬರ್ 2ರಂದು ಜಪಾನ್ ಶರಣಾಗತಿಗೆ ಸಹಿ ಹಾಕಿದ್ದು ಅದರ ಡೆಕ್ ಮೇಲೆ ಅಲ್ವಾ. ಆದರೆ ಹವಾಯಿ ಇಲ್ಲಿಂದ ಈಶಾನ್ಯದ ಕಡೆ, ಸರಿಯಾಗಿ ನನ್ನ ವಯರಿನ ತುದಿಗೇ ಬೀಳುತ್ತದೆ. ಅದಕ್ಕೆ ಬಾವಿಯ ಹತ್ತಿರದ ಮಾವಿನ ಮರದಿಂದ ವಾಯವ್ಯ–ಆಗ್ನೇಯಕ್ಕೆ ಇನ್ನೊಂದು ಡೈಪೋಲ್ ಎಳೆಯುತ್ತಿದ್ದೇನೆ. ಹಗ್ಗ ದಾಟಿಸಿ ಆಗಿದೆ, ವಯರ್ ಏರಿಸುವುದೊಂದೇ ಬಾಕಿ.