ಕೀಲ್ ನೋಡಿ ದೋಣಿ ಆರಿಸಿದೆ: ಟ್ರೇಲರ್ ಮೇಲೊಯ್ಯುವ ಕ್ಯಾಬಿನ್ ಹಾಯಿದೋಣಿಯ ಆಯ್ಕೆಯಲ್ಲಿ ನನ್ನ ಅನುಭವ

ಟ್ರೇಲರ್ ಮೇಲೆ ಎಳೆದೊಯ್ಯಬಹುದಾದ, ಇಬ್ಬರು ಒಂದೆರಡು ರಾತ್ರಿ ಮಲಗಬಹುದಾದ ಕ್ಯಾಬಿನ್ ಇರುವ ಸಣ್ಣ ಹಾಯಿದೋಣಿ ಬೇಕೆಂದು ನಿಶ್ಚಯಿಸಿದ ಮೇಲೆ ನಾನು ಮೊದಲು ಓದಿದ್ದು ನನ್ನ ವಾಹನದ ಕೈಪಿಡಿಯನ್ನು. ಬ್ರೇಕ್ ಇರುವ ಟ್ರೇಲರಾದರೆ 1,500 ಕಿಲೋವರೆಗೆ ಎಳೆಯಬಹುದೆಂದು ಅದರಲ್ಲಿತ್ತು. ಈ ಅಂಕಿ ಧಾರಾಳವಾಗಿಯೇ ಕಾಣುತ್ತದೆ. ಆದರೆ ತಯಾರಕರು ವಿವರಪಟ್ಟಿಯಲ್ಲಿ ಮುದ್ರಿಸುವುದು ಬರಿಯ ದೋಣಿಯ ತೂಕವನ್ನು. ಅದಕ್ಕೆ ಟ್ರೇಲರ್, ಔಟ್‌ಬೋರ್ಡ್ ಮೋಟಾರು, ಇಂಧನ, ಬ್ಯಾಟರಿ, ಲಂಗರು, ಸರಪಳಿ, ಕುಡಿಯುವ ನೀರು, ಹಾಸಿಗೆ, ಪಾತ್ರೆಗಳ ತೂಕ ಸೇರಬೇಕು. 1969ರಲ್ಲಿ ತಯಾರಿಕೆ ಆರಂಭವಾಗಿ 15,000ಕ್ಕೂ ಹೆಚ್ಚು ಸಂಖ್ಯೆಯಲ್ಲಿ ನಿರ್ಮಾಣಗೊಂಡ ಕ್ಯಾಟಲಿನಾ 22 ನನಗೆ ಬಹಳ ಹಿಡಿಸಿದ್ದ ದೋಣಿ. ಮಡಚುವ ಕೀಲ್ (ದೋಣಿಯ ತಳದಿಂದ ನೀರಿನೊಳಗೆ ಇಳಿದು, ಅದು ಪಕ್ಕಕ್ಕೆ ಜಾರದಂತೆ ತಡೆಯುವ ರೆಕ್ಕೆ) ಇರುವ ಮಾದರಿಯ ತೂಕವೇ 1,000 ಕಿಲೋ ದಾಟುತ್ತದೆ. ಉಳಿದದ್ದನ್ನೆಲ್ಲ ಕೂಡಿಸಿದಾಗ ನನ್ನ ವಾಹನದ ಮಿತಿಯ ಅಂಚಿಗೆ ಬಂದು ನಿಂತಿತು. ಮಿತಿಯ ಅಂಚಿನಲ್ಲಿ ಭಾರ ಎಳೆಯುತ್ತ ಇಳುಕಲು ರಸ್ತೆಯಲ್ಲಿ ಹೋಗುವುದು ನನಗೆ ಸಮ್ಮತವಿರಲಿಲ್ಲವಾದ್ದರಿಂದ ಆ ಆಸೆಯನ್ನು ಅಲ್ಲಿಗೇ ಬಿಟ್ಟೆ.

ತೂಕದ ಲೆಕ್ಕ ಮುಗಿದ ಮೇಲೆ ಉಳಿದದ್ದು ಕೀಲಿನ ಪ್ರಶ್ನೆ. ಇಂಥ ದೋಣಿಯ ಮಟ್ಟಿಗೆ ಇದಕ್ಕಿಂತ ದೊಡ್ಡ ತೀರ್ಮಾನ ಇನ್ನೊಂದಿಲ್ಲವೆಂಬುದು ನನ್ನ ದೃಢ ಅಭಿಪ್ರಾಯ. ದೋಣಿ ಟ್ರೇಲರ್ ಮೇಲೆ ಎಷ್ಟು ಎತ್ತರದಲ್ಲಿ ಕೂರುತ್ತದೆ, ನೀರಿಗಿಳಿಸಲು ಎಷ್ಟು ಆಳ ಬೇಕು, ಗಾಳಿಗೆದುರಾಗಿ ಎಷ್ಟು ಚೆನ್ನಾಗಿ ಸಾಗುತ್ತದೆ, ಕ್ಯಾಬಿನ್ನಿನ ಒಳಗೆ ಕಾಲು ಚಾಚಲು ಎಷ್ಟು ಜಾಗ ಉಳಿಯುತ್ತದೆ ಎಂಬುದನ್ನೆಲ್ಲ ನಿರ್ಧರಿಸುವುದು ಕೀಲ್.

ಸ್ಥಿರವಾದ ಗಿಡ್ಡ ಕೀಲ್ ಇರುವ ಕಾಂಪ್ಯಾಕ್ 16ರಂಥ ದೋಣಿಯಲ್ಲಿ ಚಲಿಸುವ ಭಾಗವೇ ಇಲ್ಲ; ಕೀಲ್ ಎತ್ತುವ ಕೇಬಲ್ಲು ತುಂಡಾಗುವ, ಪಿನ್ನು ಸವೆಯುವ ಚಿಂತೆಯಿಲ್ಲ. ಕೀಲ್ ನೀರಿನೊಳಗೆ ಇಳಿಯುವುದು ಸುಮಾರು 46 ಸೆಂಟಿಮೀಟರ್ ಮಾತ್ರ. ಆದರೆ ಆ 46 ಸೆಂಟಿಮೀಟರ್ ಎಂದಿಗೂ ಕಡಿಮೆಯಾಗುವುದಿಲ್ಲ. ದೋಣಿ ತೇಲಿಕೊಳ್ಳಬೇಕಾದರೆ ಟ್ರೇಲರನ್ನು ಅಷ್ಟು ಆಳಕ್ಕೆ ತಳ್ಳಲೇಬೇಕು, ಇಳಿಜಾರು ಕಟ್ಟೆ ಸಪಾಟಾಗಿದ್ದರೆ ವಾಹನದ ಹಿಂದಿನ ಗಾಲಿಗಳಿಗೂ ನೀರು ತಾಗುತ್ತದೆ. ಟ್ರೇಲರಿನ ಮೂತಿಯನ್ನು ಉದ್ದ ಮಾಡುವ ಕೊಳವೆ ಜೋಡಿಸಿ ಇದನ್ನು ನಿಭಾಯಿಸುವವರಿದ್ದಾರೆ. ಗಿಡ್ಡ ಕೀಲಿನ ದೋಣಿ ಗಾಳಿಗೆದುರಾಗಿ ಸಾಗುವಾಗ ಪಕ್ಕಕ್ಕೆ ಹೆಚ್ಚು ಜಾರುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮ್ಯಾಕ್‌ಗ್ರೆಗರ್ 26ರ ಮೊದಲಿನ ಮಾದರಿಗಳು ಇದಕ್ಕೆ ಬೇರೆಯೇ ಉತ್ತರ ಕೊಟ್ಟಿವೆ. ನೀರಿಗಿಳಿದ ಮೇಲೆ ಕವಾಟ ತೆರೆದರೆ ತಳದ ತೊಟ್ಟಿಗೆ 500 ಕಿಲೋಗೂ ಹೆಚ್ಚು ನೀರು ತುಂಬಿ ಅದೇ ನಿಲುಭಾರ, ಅಂದರೆ ದೋಣಿ ಮಗುಚದಂತೆ ಹಿಡಿಯುವ ಭಾರವಾಗುತ್ತದೆ. ಮೇಲೆ ಎಳೆದಾಗ ನೀರು ಹೊರಗೆ ಹರಿದುಹೋಗುವುದರಿಂದ ರಸ್ತೆಯ ಮೇಲೆ ಆ ಭಾರವಿಲ್ಲ. ಎಳೆಯುವವನಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ. ಆದರೆ ನೀರು ಸೀಸದಷ್ಟು ಸಾಂದ್ರವಲ್ಲ, ಅದು ಕೂರುವುದೂ ಒಡಲಿನ ಒಳಗೇ ಹೊರತು ಕೆಳಗೆ ಇಳಿಬಿದ್ದಿರುವ ಕೀಲಿನ ತುದಿಯಲ್ಲಲ್ಲ. ಹಾಗಾಗಿ ಇಂಥ ದೋಣಿ ಮೊದಲ ಗಾಳಿಗೇ ಸುಲಭವಾಗಿ ವಾಲುತ್ತದೆ, ಸಾಕಷ್ಟು ವಾಲಿದ ಮೇಲಷ್ಟೇ ಗಟ್ಟಿಯಾಗಿ ನಿಲ್ಲುತ್ತದೆ. ತೊಟ್ಟಿ ಪೂರ್ತಿ ತುಂಬಿದೆಯೆಂದು ಖಚಿತಪಡಿಸಿಕೊಳ್ಳದೆ ಹಾಯಿ ಏರಿಸುವುದು ಅಪಾಯಕರ. ಹೊಸಬರನ್ನು ಜೊತೆಗೆ ಕರೆದೊಯ್ಯುವ ಉದ್ದೇಶವಿದ್ದ ನನಗೆ ಆ ಮೊದಲ ವಾಲಾಟ ಒಪ್ಪಿಗೆಯಾಗಲಿಲ್ಲ.

ಮಡಚುವ ಕೀಲಿನ ವಿಷಯದಲ್ಲಿ ಒಂದು ಮಾತು ವಿವರವಾಗಿ ಹೇಳಬೇಕು. ಕ್ಯಾಟಲಿನಾ 22ರಲ್ಲಿ ಸುಮಾರು 250 ಕಿಲೋ ತೂಗುವ ಎರಕದ ಕಬ್ಬಿಣದ ಕೀಲ್ ಒಂದು ಪಿನ್ನಿನ ಸುತ್ತ ತಿರುಗಿ ಮೇಲೇಳುತ್ತದೆ; ಇಳಿಸಿದಾಗ ಐದು ಅಡಿ ಆಳ, ಎತ್ತಿದಾಗ ಎರಡು ಅಡಿ. ನೆಲ ತಾಗಿದರೆ ಕೀಲ್ ತಾನಾಗಿ ಹಿಂದಕ್ಕೆ ಮಡಚಿಕೊಳ್ಳಬೇಕೆಂದರೆ ಅದನ್ನು ಬಿಗಿಯಬಾರದು, ದೋಣಿ ಪೂರ್ತಿ ಪಕ್ಕಕ್ಕೆ ಬಿದ್ದಾಗ ಕೀಲ್ ಒಳಗೆ ಬಡಿಯಬಾರದೆಂದರೆ ಬಿಗಿಯಲೇಬೇಕು. ಯಾವ ನೀರಿನಲ್ಲಿ ಯಾವುದು ಸರಿ ಎಂಬುದನ್ನು ನಾವಿಕನೇ ನಿರ್ಧರಿಸಬೇಕಾಗುತ್ತದೆ. ಹಳೆಯ ದೋಣಿಯಾದರೆ ಪಿನ್ನು, ಅದರ ರಂಧ್ರ, ಕೇಬಲ್ಲು, ಅದನ್ನು ಸುತ್ತಿ ಎಳೆಯುವ ವಿಂಚು ಈ ನಾಲ್ಕನ್ನು ನೋಡದೆ ಮಾತು ಮುಂದುವರಿಸಬಾರದು. ಕೀಲನ್ನು ಪಕ್ಕಕ್ಕೆ ಅಲುಗಿಸಿದಾಗ ಬಹಳ ಆಡಿದರೆ ರಂಧ್ರ ಸವೆದಿದೆಯೆಂದೇ ಅರ್ಥ. ನೀರು ಇಳಿದಾಗ ಕೆಸರಿನ ಮೇಲೆ ನೆಟ್ಟಗೆ ನಿಲ್ಲುವ ಜೋಡಿ ಕೀಲಿನ ದೋಣಿಗಳೂ ಇವೆ. ಉಬ್ಬರವಿಳಿತ ಹೆಚ್ಚಿರುವ ಕಡೆ ಅವುಗಳ ಬೆಲೆ ತಿಳಿಯುತ್ತದೆ.

ನಾನು ಕೊನೆಗೆ ಕೊಂಡದ್ದು ವೆಸ್ಟ್ ವೈಟ್ ಪಾಟರ್ 19. ಇದರ ಉಕ್ಕಿನ ಕೀಲ್ ವಿಂಚಿನ ಸಹಾಯದಿಂದ ನೇರವಾಗಿ ಮೇಲಕ್ಕೆ ಸರಿಯುತ್ತದೆ. ಪೂರ್ತಿ ಎತ್ತಿದಾಗ ದೋಣಿಗೆ ಒಂದು ಗೇಣಿನಷ್ಟು ನೀರಿದ್ದರೂ ಸಾಕಾಗುವುದರಿಂದ ಅದು ಟ್ರೇಲರಿನಿಂದ ಸರಾಗವಾಗಿ ಜಾರುತ್ತದೆ. ಬರಿಯ ದೋಣಿಯ ತೂಕ 550 ಕಿಲೋ ಆಸುಪಾಸು. ಒಳಗೆ ತುಂಬಿರುವ ಫೋಮಿನಿಂದಾಗಿ ನೀರು ನುಗ್ಗಿದರೂ ಮುಳುಗದಂತೆ ಇದನ್ನು ಕಟ್ಟಿದ್ದಾರೆ. ಇದಕ್ಕೆ ತೆತ್ತ ಬೆಲೆಯೂ ಉಂಟು. ಕೀಲಿನ ಪೆಟ್ಟಿಗೆ ಕ್ಯಾಬಿನ್ನಿನ ನಡುವೆಯೇ ನಿಂತಿದೆ. ಅದನ್ನು ಬಳಸಿಕೊಂಡು ಓಡಾಡಬೇಕು. ಲಂಗರು ಹಾಕಿ ಮಲಗಿದ ರಾತ್ರಿ ಕಿರು ಅಲೆಗಳು ಒಡಲಿನ ಚೂಪು ಅಂಚಿಗೆ ಬಡಿಯುವ ಸದ್ದು ನಿದ್ದೆಗೆ ತೊಡಕೇ ಸರಿ. ಇವೆರಡನ್ನೂ ತಿಳಿದೇ ಒಪ್ಪಿಕೊಂಡೆ.

ಕ್ಯಾಬಿನ್ನನ್ನು ಪರೀಕ್ಷಿಸಲು ನಾನು ಅನುಸರಿಸಿದ ಕ್ರಮ ಸರಳ: ಬಾಗಿಲು ಮುಚ್ಚಿ, ಅರ್ಧ ಗಂಟೆ ಒಳಗೇ ಇರುವುದು. ಬೆನ್ನು ನೆಟ್ಟಗಿಟ್ಟು ಕುಳಿತಾಗ ತಲೆ ಛಾವಣಿಗೆ ತಾಗುತ್ತದೆಯೇ, ಮಲಗಿದಾಗ ಪಾದ ತಿರುಗಿಸಲು ಜಾಗವಿದೆಯೇ, ಒಬ್ಬರು ಮಲಗಿರುವಾಗ ಇನ್ನೊಬ್ಬರು ಹೊರಗೆ ಹೋಗಬಹುದೇ ಎಂದು ನೋಡಿದೆ. ನಾಲ್ವರು ಮಲಗಬಹುದೆಂದು ವಿವರಪಟ್ಟಿ ಹೇಳುತ್ತದೆ. ಸಾಮಾನುಗಳನ್ನು ಎಲ್ಲಿಡಬೇಕೆಂದು ಅದು ಹೇಳುವುದಿಲ್ಲ. ಎದ್ದು ನಿಲ್ಲುವಷ್ಟು ಎತ್ತರದ ಕ್ಯಾಬಿನ್ ಬೇಕೆಂದು ಹಟ ಹಿಡಿಯುವವರಿಗೆ ನನ್ನ ಸಲಹೆ ಬೇಡವೆಂದೇ. ಇಷ್ಟು ಸಣ್ಣ ದೋಣಿಯಲ್ಲಿ ಆ ಎತ್ತರವೆಲ್ಲ ಗಾಳಿಗೆ ಅಡ್ಡಬರುವ ಗೋಡೆಯಾಗಿ ಪರಿಣಮಿಸುತ್ತದೆ.

ಹಾಯಿಕಂಬವನ್ನು ನಿಲ್ಲಿಸುವ ಕೆಲಸವನ್ನು ದೋಣಿ ಕೊಳ್ಳುವ ಮೊದಲೇ ಮಾರುವವರ ಮುಂದೆ ನಾನೊಬ್ಬನೇ ಮಾಡಿ ನೋಡಿದೆ. ಕಂಬ ಅರ್ಧ ಎದ್ದಾಗ ಪಕ್ಕಕ್ಕೆ ತೂಗದಂತೆ ಹಿಡಿಯಲು ಅಡ್ಡತಂತಿಗಳಿವೆಯೇ, ಮುಂದಿನಿಂದ ಎಳೆಯಲು ಸನ್ನೆಗೋಲಿನಂಥ ಕಂಬವೂ ಕಪ್ಪಿಯೂ ಇವೆಯೇ ಎಂಬುದನ್ನು ಕೇಳಬೇಕು. ಈ ಕೆಲಸಕ್ಕೆ ಎರಡು ಗಂಟೆ ಹಿಡಿಯುವ ದೋಣಿ ವಾರಕ್ಕೊಂದು ದಿನ ಬಿಡುವಿರುವವನ ಅಂಗಳದಲ್ಲೇ ನಿಂತುಬಿಡುತ್ತದೆ. ಕಂಬ ಎತ್ತುವ ಜಾಗದಿಂದ ನೀರಿನವರೆಗಿನ ದಾರಿಯಲ್ಲಿ ತಲೆಯ ಮೇಲೆ ವಿದ್ಯುತ್ ತಂತಿ ಹಾದುಹೋಗಿದೆಯೇ ಎಂದು ಪ್ರತಿಸಲವೂ ನೋಡಲೇಬೇಕು. ಅಲ್ಯುಮಿನಿಯಂ ಕಂಬ ತಂತಿಗೆ ತಾಗಿದರೆ ಪ್ರಾಣಕ್ಕೇ ಅಪಾಯ.

ಹಳೆಯ ದೋಣಿಯ ಡೆಕ್ಕನ್ನು (ಮೇಲ್ಹಾಸನ್ನು) ಪ್ಲಾಸ್ಟಿಕ್ ಸುತ್ತಿಗೆಯಿಂದ ಅಂಗುಲಂಗುಲವಾಗಿ ತಟ್ಟುತ್ತ ಹೋದೆ. ಗಟ್ಟಿ ಸದ್ದು ಇದ್ದಕ್ಕಿದ್ದಂತೆ ಮಂಕಾದ ಕಡೆ ಫೈಬರ್‌ಗ್ಲಾಸಿನ ನಡುವಿನ ಮರ ನೀರು ಕುಡಿದು ಕೊಳೆತಿರುವ ಸಂಭವ ಹೆಚ್ಚು. ಕಂಬಿ, ಬೋಲ್ಟು, ತಂತಿಗಳನ್ನು ಬಿಗಿದಿರುವ ಲೋಹದ ಪಟ್ಟಿಗಳ ಸುತ್ತ ಇದನ್ನು ವಿಶೇಷವಾಗಿ ಹುಡುಕಬೇಕು.

ಟ್ರೇಲರನ್ನು ದೋಣಿಯಷ್ಟೇ ಶ್ರದ್ಧೆಯಿಂದ ನೋಡಿದೆ. ಟೈರು ಸವೆಯದಿದ್ದರೂ ವಯಸ್ಸಾಗಿ ಬಿರುಕು ಬಿಟ್ಟಿರುತ್ತದೆ. ದೂರದಿಂದ ಬಂದು ಬಿಸಿಯಾಗಿರುವ ಗಾಲಿಯ ಗುಂಬವನ್ನು ಕೂಡಲೇ ತಣ್ಣೀರಿಗಿಳಿಸಿದರೆ ಒಳಗಿನ ಗಾಳಿ ಕುಗ್ಗಿ ಬೇರಿಂಗಿನೊಳಕ್ಕೆ ನೀರನ್ನು ಎಳೆದುಕೊಳ್ಳುತ್ತದೆ. ಆದ್ದರಿಂದ ಕಂಬ ಎತ್ತುವ ಕೆಲಸವನ್ನು ಆ ಹೊತ್ತಿನಲ್ಲೇ ಇಟ್ಟುಕೊಳ್ಳುತ್ತೇನೆ, ಅಷ್ಟರಲ್ಲಿ ಗಾಲಿ ತಣಿಯುತ್ತದೆ. ಎಲ್ಲ ಸಾಮಾನು ತುಂಬಿದ ಮೇಲೆ ಒಮ್ಮೆ ವೇಬ್ರಿಡ್ಜಿನಲ್ಲಿ ತೂಗಿಸಿ, ಟ್ರೇಲರನ್ನು ವಾಹನಕ್ಕೆ ಜೋಡಿಸುವ ಕೊಕ್ಕೆಯ ಮೇಲೆ ಬೀಳುವ ಭಾರ ವಾಹನದ ಮಿತಿಯೊಳಗಿದೆಯೇ ಎಂದು ನೋಡಿದೆ. ಆ ಭಾರ ತೀರ ಕಡಿಮೆಯಾದರೆ ವೇಗದಲ್ಲಿ ಟ್ರೇಲರ್ ಅತ್ತಿತ್ತ ತೂಗಾಡತೊಡಗುತ್ತದೆ. ಹಿಂಬದಿಯಲ್ಲಿ ನೇತುಬಿದ್ದಿದ್ದ ಮೋಟಾರನ್ನು ಬಿಚ್ಚಿ ವಾಹನದೊಳಗೆ ಇಟ್ಟು, ಲಂಗರು, ಸರಪಳಿಗಳನ್ನು ಕ್ಯಾಬಿನ್ನಿನ ಮುಂಭಾಗಕ್ಕೆ ಸರಿಸಿದ ಮೇಲೆ ಕೊಕ್ಕೆಯ ಮೇಲಿನ ಭಾರ ಸರಿಹೋಯಿತು.